ಕೈರೋದಿಂದ ಗೀಜಾಕ್ಕೆ: ಒಂದು ಹಗಲಿನ ಪ್ರವಾಸದ ಚರಿತ್ರೆ

ಈಜಿಪ್ಟಿನ ರಾಜಧಾನಿ ಕೈರೋಕ್ಕೆ ಬಂದ ಪರದೇಶದ ಪ್ರವಾಸಿಗರು ಬೆಳಗ್ಗೆ ಹೊರಟು, ಗೀಜಾದ ಪಿರಮಿಡ್ಡುಗಳನ್ನೂ ಅವುಗಳ ದಕ್ಷಿಣಕ್ಕಿರುವ ಸಕ್ಕಾರಾ ಮತ್ತು ಮೆಂಫಿಸ್‌ಗಳ ಅವಶೇಷಗಳನ್ನೂ ನೋಡಿಕೊಂಡು, ಸಂಜೆಯೊಳಗೆ ನಗರಕ್ಕೆ ಮರಳುವುದು ಇಂದು ಎಷ್ಟು ರೂಢಿಯಾಗಿಬಿಟ್ಟಿದೆಯೆಂದರೆ, ಆ ರೂಢಿಗೂ ಒಂದು ಚರಿತ್ರೆ ಇದೆಯೆಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಪಿರಮಿಡ್ಡುಗಳ ಚರಿತ್ರೆಯನ್ನು ಬರೆದವರು ಅಸಂಖ್ಯ. ಆದರೆ ಪಿರಮಿಡ್ಡುಗಳಿಗೆ ಹೋಗಿಬರುವ ಹಾದಿಯ ಚರಿತ್ರೆ, ಆ ಹಾದಿಯಲ್ಲಿ ಕತ್ತೆ ಹೊಡೆದವರ, ದೋಣಿ ನಡೆಸಿದವರ, ಭಾಷೆ ಬಾರದವರಿಗೆ ಮಾತಾದವರ, ಕಲ್ಲಿನ ಮೆಟ್ಟಿಲುಗಳ ಮೇಲೆ ಪ್ರವಾಸಿಗರ ಕೈಹಿಡಿದು ಎತ್ತಿದವರ ಚರಿತ್ರೆ ಪ್ರವಾಸಕಥನಗಳ ಅಂಚಿನಲ್ಲಿ ಚದುರಿಬಿದ್ದಿದೆ. ಅದನ್ನು ಒಂದೆಡೆ ಸೇರಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ದಾರಿ ಸುಧಾರಿಸಿದಂತೆಲ್ಲ ಪ್ರವಾಸದ ಅವಧಿ ಕುಗ್ಗಿತು, ಕುಗ್ಗಿದ ಪ್ರತಿ ಸಲವೂ ಅದುವರೆಗೆ ಆ ದಾರಿಯನ್ನು ನಂಬಿ ಬದುಕಿದ್ದ ಒಂದು ವರ್ಗದ ಜನ ಪಕ್ಕಕ್ಕೆ ಸರಿಯಬೇಕಾಯಿತು, ಆದರೂ ಕೊನೆಯ ಹೆಜ್ಜೆಗಳಿಗೆ ಸ್ಥಳೀಯರ ನೆರವಿಲ್ಲದೆ ಈ ಪ್ರವಾಸ ಎಂದೂ ಪೂರ್ಣವಾಗಲಿಲ್ಲ.

ಈ ಪ್ರವಾಸದ ಸ್ವರೂಪವನ್ನು ಮೊದಲು ನಿರ್ಧರಿಸಿದ್ದು ಭೂಗೋಳ. ಕ್ರಿ.ಶ. 969ರಲ್ಲಿ ಫಾತಿಮಿ ಅರಸರು ಸ್ಥಾಪಿಸಿದ ಕೈರೋ ನೈಲ್ ನದಿಯ ಪೂರ್ವ ದಂಡೆಯಲ್ಲಿದೆ. ಪಿರಮಿಡ್ಡುಗಳಾದರೋ ಪಶ್ಚಿಮ ದಂಡೆಯಾಚೆ, ಹಸಿರು ಬಯಲು ಮುಗಿದು ಮರುಭೂಮಿ ಏರತೊಡಗುವ ಅಂಚಿನಲ್ಲಿ ನಿಂತಿವೆ. ಈಗಿನ ನಗರಕೇಂದ್ರದಿಂದ ಅಲ್ಲಿಗೆ ಸುಮಾರು 15 ಕಿಲೋಮೀಟರ್ ಮಾತ್ರ, ಆದರೆ ನಡುವೆ ಒಂದು ಮಹಾನದಿ ಮತ್ತು ಆ ನದಿ ವರ್ಷವರ್ಷವೂ ಮುಳುಗಿಸುತ್ತಿದ್ದ ಬಯಲು ಇದ್ದವು. ಇಥಿಯೋಪಿಯಾದ ಎತ್ತರದ ಪ್ರದೇಶದಲ್ಲಿ ಸುರಿದ ಮಳೆ ಬೇಸಿಗೆಯ ಕೊನೆಗೆ ಕೆಳನಾಡಿಗೆ ಇಳಿದು ಬರುತ್ತಿದ್ದುದರಿಂದ, ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಹೊಲಗಳೆಲ್ಲ ನೀರಿನಡಿ ಇರುತ್ತಿದ್ದವು, ಹಳ್ಳಿಗಳು ದಿಬ್ಬಗಳ ಮೇಲೆ ದ್ವೀಪಗಳಂತೆ ಉಳಿಯುತ್ತಿದ್ದವು. ಆ ತಿಂಗಳುಗಳಲ್ಲಿ ಪಿರಮಿಡ್ಡುಗಳತ್ತ ಹೋಗಬೇಕಾದವರು ಏರಿಗಳ ಮೇಲೆ ಸುತ್ತುಬಳಸಿ ಸಾಗಬೇಕಾಗಿತ್ತು, ಅಥವಾ ದೋಣಿಯಲ್ಲಿ ಮರಳಿನ ಅಂಚಿನ ಸಮೀಪದವರೆಗೆ ತೇಲಿಹೋಗಬೇಕಾಗಿತ್ತು. ನೀರು ಇಳಿದ ಮೇಲೆ ಮಾತ್ರ ನೇರ ದಾರಿ ತೆರೆಯುತ್ತಿತ್ತು. ಯುರೋಪಿನ ಪ್ರವಾಸಿಗರು ನವೆಂಬರಿನಿಂದ ಮಾರ್ಚ್‌ವರೆಗಿನ ಕಾಲವನ್ನು ಆರಿಸಿಕೊಂಡದ್ದಕ್ಕೆ ಹವೆಯ ಹಿತ ಒಂದು ಕಾರಣವಾದರೆ ಹೊಲದ ದಾರಿ ಒಣಗಿರುವುದು ಇನ್ನೊಂದು ಕಾರಣವಾಗಿತ್ತು.

ಪಿರಮಿಡ್ಡುಗಳನ್ನು ನೋಡಲು ಹೋಗುವ ಪದ್ಧತಿಯನ್ನು ಯುರೋಪಿನವರು ಆರಂಭಿಸಿದರೆಂಬ ಭಾವನೆ ಸಾಮಾನ್ಯವಾಗಿದೆಯಾದರೂ ಅದು ಸರಿಯಲ್ಲ. ಖುಫು ದೊರೆಯ ಮಹಾಪಿರಮಿಡ್ಡಿನ ಒಳಗೆ ಇಂದಿಗೂ ಪ್ರವಾಸಿಗರು ಹೊಕ್ಕುವ ಕೊರೆದ ಸುರಂಗವನ್ನು, 832ರಲ್ಲಿ ಈಜಿಪ್ಟಿಗೆ ಬಂದಿದ್ದ ಅಬ್ಬಾಸಿ ಖಲೀಫ ಅಲ್-ಮಾಮೂನನ ಹೆಸರಿಗೆ ಪರಂಪರೆ ಸೇರಿಸುತ್ತದೆ. ಬಾಗ್ದಾದಿನ ವೈದ್ಯ ಮತ್ತು ವಿದ್ವಾಂಸ ಅಬ್ದುಲ್ ಲತೀಫ್ 12ನೆಯ ಶತಮಾನದ ಕೊನೆಯಲ್ಲಿ ಈ ಸ್ಮಾರಕಗಳನ್ನು ಕಣ್ಣಾರೆ ಕಂಡು ವಿವರವಾಗಿ ಬರೆದನಲ್ಲದೆ, ಸಲಾದೀನನ ಮಗನಾದ ಸುಲ್ತಾನ ಅಲ್-ಅಜೀಜ್ ಮೂರನೆಯ ಪಿರಮಿಡ್ಡನ್ನು ಕೆಡವಲು ಆಳುಗಳನ್ನು ಹಚ್ಚಿ, ತಿಂಗಳುಗಟ್ಟಲೆ ದುಡಿಸಿಯೂ ಸೋತ ಪ್ರಸಂಗವನ್ನು ನೋವಿನಿಂದ ದಾಖಲಿಸಿದನು. 13ನೆಯ ಶತಮಾನದ ಅಬು ಜಾಫರ್ ಅಲ್-ಇದ್ರೀಸಿ ಪಿರಮಿಡ್ಡುಗಳಿಗೆಂದೇ ಒಂದು ಗ್ರಂಥವನ್ನು ಮೀಸಲಿಟ್ಟನು. 15ನೆಯ ಶತಮಾನದ ಚರಿತ್ರಕಾರ ಅಲ್-ಮಕ್ರೀಜಿ ಹಿಂದಿನವರ ಬರಹಗಳನ್ನೆಲ್ಲ ತನ್ನ ಬೃಹತ್ ಕೃತಿಯಲ್ಲಿ ಸಂಗ್ರಹಿಸಿದನು. ಹಳೆಯ ಕಟ್ಟಡಗಳನ್ನು ನೋಡಿ ಕಾಲದ ಗತಿಯನ್ನು ಕುರಿತು ಆಲೋಚಿಸುವುದು ಅರಬ್ ವಿದ್ವತ್ ಪರಂಪರೆಯಲ್ಲಿ ಗೌರವದ ಕೆಲಸವೇ ಆಗಿತ್ತು. ಆದ್ದರಿಂದ ಯುರೋಪಿನವರು ಬಂದಾಗ ಅವರಿಗೆ ದಾರಿ ತೋರಿಸಿದ ಜನರಿಗೆ ದಾರಿ ತೋರಿಸುವುದು ಹೊಸ ಉದ್ಯೋಗವೇನೂ ಆಗಿರಲಿಲ್ಲ.

17ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ಗ್ರೀವ್ಸ್ ಅಳತೆಯ ಉಪಕರಣಗಳೊಡನೆ ಬಂದು ಹೋಗಿ, 1646ರಲ್ಲಿ ಪಿರಮಿಡ್ಡುಗಳ ಬಗ್ಗೆ ಪುಸ್ತಕ ಪ್ರಕಟಿಸಿದನು. 1798ರ ಜುಲೈನಲ್ಲಿ ನೆಪೋಲಿಯನ್ನನ ಸೈನ್ಯ ಕೈರೋವನ್ನು ಹಿಡಿದಾಗ ಅದರೊಡನೆ ಬಂದ ವಿದ್ವಾಂಸರ ತಂಡ ದೇಶದ ಪುರಾತನ ಅವಶೇಷಗಳನ್ನೆಲ್ಲ ಅಳೆದು ಚಿತ್ರಿಸಿತು. 1809ರಿಂದ ಹೊರಬರತೊಡಗಿದ ಆ ಸಂಪುಟಗಳು ಯುರೋಪಿನ ಓದುಗರಲ್ಲಿ ಈಜಿಪ್ಟಿನ ಬಗ್ಗೆ ಅಪಾರವಾದ ಕುತೂಹಲವನ್ನು ಹುಟ್ಟಿಸಿದವು. ಆದರೆ ಕುತೂಹಲವೊಂದೇ ಪ್ರವಾಸವನ್ನು ಹುಟ್ಟಿಸಲಾರದು. ನಿಯತವಾಗಿ ಹೊರಡುವ ಹಡಗು, ಸುರಕ್ಷಿತ ವಸತಿ, ಗೊತ್ತಾದ ಬಾಡಿಗೆ, ಇವು ಮೂರೂ ಕೂಡಿಬಂದಾಗಲಷ್ಟೇ ವಿದ್ವಾಂಸರ ಯಾತ್ರೆ ಸಾಮಾನ್ಯರ ವಿಹಾರವಾಗುತ್ತದೆ. ಕೈರೋದ ವಿಷಯದಲ್ಲಿ ಇವನ್ನು ಕೂಡಿಸಿದ್ದು ಬಹುಮಟ್ಟಿಗೆ ಭಾರತದ ಟಪಾಲು.

ಇಂಗ್ಲೆಂಡಿನಿಂದ ಭಾರತಕ್ಕೆ ಆಫ್ರಿಕಾ ಖಂಡವನ್ನು ಸುತ್ತಿ ಬರಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲದಲ್ಲಿ, 1830ರಲ್ಲಿ ಹ್ಯೂ ಲಿಂಡ್ಸೆ ಎಂಬ ಉಗಿಹಡಗು ಮುಂಬಯಿಯಿಂದ ಹೊರಟು ಸುಮಾರು ಒಂದು ತಿಂಗಳಲ್ಲಿ ಸೂಯೆಜ್ ಬಂದರನ್ನು ಮುಟ್ಟಿ, ಕೆಂಪು ಸಮುದ್ರದ ಮಾರ್ಗ ಸಾಧ್ಯವೆಂದು ತೋರಿಸಿತು. ಅದೇ ದಶಕದಲ್ಲಿ ಥಾಮಸ್ ವಾಗ್‌ಹಾರ್ನ್ ಎಂಬಾತ ಅಲೆಕ್ಸಾಂಡ್ರಿಯಾದಿಂದ ಸೂಯೆಜ್‌ವರೆಗೆ ಪತ್ರಗಳನ್ನೂ ಪ್ರಯಾಣಿಕರನ್ನೂ ಸಾಗಿಸುವ ವ್ಯವಸ್ಥೆಯನ್ನು ರೂಪಿಸಿದನು. ‘ಭೂಮಾರ್ಗ’ ಎಂದೇ ಹೆಸರಾದ ಈ ವ್ಯವಸ್ಥೆಯಲ್ಲಿ ಪ್ರಯಾಣಿಕರು ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ಕಾಲುವೆಯ ಮೂಲಕ ನೈಲ್ ನದಿಯನ್ನು ಸೇರಿ, ದೋಣಿಯಲ್ಲಿ ಕೈರೋ ತಲುಪಿ, ಅಲ್ಲಿಂದ ಸುಮಾರು 130 ಕಿಲೋಮೀಟರ್ ಮರುಭೂಮಿಯನ್ನು ಕುದುರೆ ಗಾಡಿಗಳಲ್ಲಿ ದಾಟಿ ಸೂಯೆಜ್‌ನಲ್ಲಿ ಮುಂದಿನ ಹಡಗು ಹತ್ತುತ್ತಿದ್ದರು. ಹೀಗೆ ಕಲ್ಕತ್ತೆ, ಮದ್ರಾಸು, ಮುಂಬಯಿಗಳಿಗೆ ಹೋಗುವ ಮತ್ತು ಅಲ್ಲಿಂದ ಹಿಂದಿರುಗುವ ಅಧಿಕಾರಿಗಳು, ಸೈನಿಕರು, ವ್ಯಾಪಾರಿಗಳು ಹಡಗಿಗಾಗಿ ಕಾಯುತ್ತ ಕೈರೋದಲ್ಲಿ ಒಂದೆರಡು ದಿನ ತಂಗುವುದು ಅನಿವಾರ್ಯವಾಯಿತು. ಕಾಯುವ ಈ ಬಿಡುವೇ ಪಿರಮಿಡ್ಡಿನ ಹಗಲು ಪ್ರವಾಸದ ಮೂಲ. ಮುಂದಿನ ಹಡಗಿನ ಕರೆ ಯಾವಾಗ ಬರುವುದೋ ತಿಳಿಯದವರಿಗೆ ನೈಲ್ ನದಿಯ ಮೇಲ್ಭಾಗದ ದೇವಾಲಯಗಳು ದೂರವಾಗಿದ್ದವು. ಬೆಳಗ್ಗೆ ಹೋಗಿ ಸಂಜೆ ಬರಬಹುದಾದ ಗೀಜಾ ಮಾತ್ರ ಕೈಗೆಟುಕುವಂತಿತ್ತು. 1844ರಲ್ಲಿ ಹಡಗು ಸಂಸ್ಥೆಯೊಂದರ ಆಹ್ವಾನದ ಮೇಲೆ ಬಂದ ಕಾದಂಬರಿಕಾರ ಥ್ಯಾಕರೆ ಮಹಾಪಿರಮಿಡ್ಡನ್ನು ಏರಿ ಇಳಿದು ತನ್ನ ಪ್ರವಾಸಕಥನದಲ್ಲಿ ಅದನ್ನು ಬರೆದಾಗ, ಈ ರೂಢಿ ಆಗಲೇ ನೆಲೆಗೊಂಡಿತ್ತು.

ಈ ಪ್ರಯಾಣಿಕರಿಗಾಗಿಯೇ ಕೈರೋದ ಎಜ್ಬೆಕಿಯಾ ಮೈದಾನದ ಸುತ್ತ ಯುರೋಪಿನ ಮಾದರಿಯ ಹೋಟೆಲುಗಳು ಎದ್ದವು. 1841ರಲ್ಲಿ ಆರಂಭವಾಗಿ ಮುಂದೆ ತನ್ನ ಮಾಲೀಕ ಸ್ಯಾಮುಯೆಲ್ ಶೆಪರ್ಡನ ಹೆಸರಿನಿಂದ ಜಗತ್ಪ್ರಸಿದ್ಧವಾದ ಹೋಟೆಲು ಅವುಗಳಲ್ಲಿ ಮುಖ್ಯವಾದುದು. ಅದರ ಜಗಲಿಯ ಕೆಳಗಿನ ಬೀದಿ ಹಗಲು ಪ್ರವಾಸದ ಮಾರುಕಟ್ಟೆಯೂ ಆಗಿತ್ತು. ಬಾಡಿಗೆಗೆ ಕತ್ತೆ ಕೊಡುವ ‘ಹಮ್ಮಾರ್’ ಹುಡುಗರು ಜೀನು ಹಾಕಿದ ಕತ್ತೆಗಳೊಡನೆ ಅಲ್ಲಿ ನಸುಕಿನಿಂದಲೇ ಕಾಯುತ್ತಿದ್ದರು. ಹೊರಬಂದ ಗಿರಾಕಿಯ ವೇಷ, ಮಾತು ನೋಡಿ ಅವನು ಯಾವ ದೇಶದವನೆಂದು ಕ್ಷಣದಲ್ಲಿ ಊಹಿಸಿ, ಜರ್ಮನ್ನನಿಗೆ ಕತ್ತೆಯ ಹೆಸರು ಬಿಸ್ಮಾರ್ಕ್ ಎಂದೂ, ಅಮೆರಿಕದವನಿಗೆ ಅದೇ ಕತ್ತೆಯ ಹೆಸರು ಯಾಂಕಿ ಡೂಡಲ್ ಎಂದೂ ಹೇಳುತ್ತಿದ್ದುದನ್ನು ಹಲವು ಪ್ರವಾಸಿಗರು ಬರೆದಿಟ್ಟಿದ್ದಾರೆ. ಓದು ಬಾರದ ಈ ಹುಡುಗರು ಬೀದಿಯಲ್ಲೇ ನಾಲ್ಕಾರು ಭಾಷೆಗಳ ಮಾತು ಕಲಿತು, ಬಿಸಿಲಿನಲ್ಲಿ ಗಂಟೆಗಟ್ಟಲೆ ಕತ್ತೆಯ ಹಿಂದೆ ಓಡುತ್ತ ದುಡಿದವರು. ಅವರ ಚುರುಕುತನವನ್ನು ಮೆಚ್ಚಿದ ಲೇಖಕರು ಕೂಡ ಅವರಲ್ಲಿ ಒಬ್ಬನ ಹೆಸರನ್ನಾದರೂ ಕೇಳಿ ಬರೆದುಕೊಂಡದ್ದು ಅಪರೂಪ. ಇವರಿಗಿಂತ ಮೇಲಿನ ಅಂತಸ್ತಿನವನು ‘ತರ್ಜುಮಾನ್’, ಯುರೋಪಿನವರ ಬಾಯಲ್ಲಿ ಡ್ರಾಗೊಮನ್. ದುಭಾಷಿಯೂ ಮಾರ್ಗದರ್ಶಕನೂ ಗುತ್ತಿಗೆದಾರನೂ ಆಗಿದ್ದ ಈತ ವಾಹನ, ಊಟ, ಕಾವಲು, ಬಕ್ಷೀಸು ಎಲ್ಲಕ್ಕೂ ಹೊಣೆಯಾಗುತ್ತಿದ್ದನು. ದೀರ್ಘ ಪ್ರಯಾಣವಾದರೆ ಪ್ರವಾಸಿಗೂ ಅವನಿಗೂ ನಡುವೆ ಕರಾರುಪತ್ರವಾಗಿ, ಅದನ್ನು ಆಯಾ ದೇಶದ ಕಾನ್ಸುಲರ ಕಚೇರಿಯಲ್ಲಿ ದಾಖಲಿಸುವ ಪದ್ಧತಿಯೂ ಇತ್ತು.

ಆ ಕಾಲದ ಒಂದು ಹಗಲಿನ ಪ್ರವಾಸ ನಿಜವಾಗಿ ಇಡೀ ಹಗಲನ್ನು ನುಂಗುತ್ತಿತ್ತು. ಬೆಳಕು ಹರಿಯುವ ಮೊದಲೇ ಹೋಟೆಲಿನಿಂದ ಹೊರಟು, ಹಳೆಯ ಕೈರೋದ ಕಡವಿನಲ್ಲಿ ಕತ್ತೆಗಳನ್ನೂ ಜನರನ್ನೂ ಒಂದೇ ದೋಣಿಗೆ ಹತ್ತಿಸಿ ಗೀಜಾ ಹಳ್ಳಿಯ ದಂಡೆಗೆ ದಾಟಿ, ಅಲ್ಲಿಂದ ಖರ್ಜೂರದ ತೋಪುಗಳ, ಬರ್ಸೀಮ್ ಎಂಬ ಮೇವಿನ ಹೊಲಗಳ ನಡುವೆ ಸಾಗಿ, ಬಿಸಿಲು ಏರುವಾಗ ಮರಳಿನ ಅಂಚನ್ನು ಮುಟ್ಟಿ, ನೋಡುವುದನ್ನು ನೋಡಿ, ಕಟ್ಟಿತಂದ ಊಟವನ್ನು ಪಿರಮಿಡ್ಡಿನ ನೆರಳಲ್ಲಿ ಉಂಡು, ಕತ್ತಲಾಗುವ ಮುನ್ನ ಮತ್ತೆ ಕಡವು ಸೇರಬೇಕಾಗಿತ್ತು. ಈ ನಿಧಾನದ ಪಯಣದಲ್ಲಿ ಪ್ರವಾಸಿಗನ ಕಣ್ಣಿಗೆ ಪಿರಮಿಡ್ಡಿಗಿಂತ ಮೊದಲು ಬೀಳುತ್ತಿದ್ದುದು ಏತದಿಂದ ನೀರೆತ್ತುವ, ಉಳುವ, ಕೊಯ್ಯುವ ರೈತ, ಅರಬಿಯಲ್ಲಿ ಹೇಳುವುದಾದರೆ ‘ಫೆಲ್ಲಾಹ್’. ಪಿರಮಿಡ್ಡುಗಳು ದೂರದಲ್ಲಿ ಕಾಣುತ್ತಲೇ ಇದ್ದು, ಎಷ್ಟು ನಡೆದರೂ ಹತ್ತಿರವಾಗದಂತೆ ತೋರಿ, ಕೊನೆಗೆ ಒಮ್ಮೆಲೇ ಎದುರಾಗುವ ಅನುಭವವನ್ನು ಅಂದಿನ ಬರಹಗಳೆಲ್ಲ ಒಂದೇ ಬಗೆಯಾಗಿ ಹೇಳುವುದಕ್ಕೆ ಕಾರಣ ಆ ದಾರಿಯ ನಿಧಾನಗತಿಯೇ ಆಗಿತ್ತು.

ಈ ಗತಿಯನ್ನು ಬದಲಿಸಿದ ಒಂದು ವರ್ಷವನ್ನು ಗುರುತಿಸಬೇಕಾದರೆ ಅದು 1869. ಆ ವರ್ಷದ ನವೆಂಬರ್ 17ರಂದು ಸೂಯೆಜ್ ಕಾಲುವೆಯ ಉದ್ಘಾಟನೆಯಾಯಿತು. ಆಟೋಮನ್ ಸುಲ್ತಾನನ ಅಧೀನದಲ್ಲಿದ್ದು ಖೆದಿವ್ ಎಂಬ ಬಿರುದಿನಿಂದ ಈಜಿಪ್ಟನ್ನು ಆಳುತ್ತಿದ್ದ ಇಸ್ಮಾಯಿಲ್, ಆ ಸಮಾರಂಭಕ್ಕೆ ಬರಲಿದ್ದ ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿ ಮತ್ತಿತರ ಅತಿಥಿಗಳು ಪಿರಮಿಡ್ಡುಗಳಿಗೆ ಸಾರೋಟಿನಲ್ಲಿ ಹೋಗಿಬರುವಂತಾಗಬೇಕೆಂದು, ನೆರೆಯ ಮಟ್ಟಕ್ಕಿಂತ ಎತ್ತರದ ಏರಿಯ ಮೇಲೆ ನೇರವಾದ ರಸ್ತೆಯೊಂದನ್ನು ಮಾಡಿಸಿ, ಅದರ ಎರಡೂ ಬದಿಗೆ ನಮ್ಮ ಬಾಗೆಮರದ ಜಾತಿಯ ಲೆಬ್ಬೆಕ್ ಮರಗಳನ್ನು ನೆಡಿಸಿದನು. ಎರಡು ಮೂರು ವರ್ಷಗಳಲ್ಲೇ ಕಸ್ರ್ ಎಲ್-ನೀಲ್ ಸೇತುವೆ ಸಿದ್ಧವಾಗಿ ನದಿ ದಾಟುವ ತೊಡಕೂ ನೀಗಿತು. ರಾಜವೈಭವದ ಪ್ರದರ್ಶನಕ್ಕೆಂದು ಆದ ಈ ರಸ್ತೆ ಹಗಲು ಪ್ರವಾಸವನ್ನು ನೆರೆಯ ಹಂಗಿನಿಂದ ಬಿಡಿಸಿತು. ಸಾರೋಟಿನಲ್ಲಿ ಸುಮಾರು ಒಂದೂವರೆ ಗಂಟೆಯಲ್ಲಿ ಪಿರಮಿಡ್ಡಿನ ಬುಡ ಸೇರುವುದು ಸಾಧ್ಯವಾದ್ದರಿಂದ, ಇಡೀ ದಿನದ ಕೆಲಸ ಅರ್ಧ ದಿನದ್ದಾಯಿತು. ಅದೇ 1869ರಲ್ಲಿ ಇಂಗ್ಲೆಂಡಿನ ಥಾಮಸ್ ಕುಕ್ ತನ್ನ ಮೊದಲ ಪ್ರವಾಸಿ ತಂಡವನ್ನು ಈಜಿಪ್ಟಿಗೆ ಕರೆತಂದನು. ಪ್ರಯಾಣ, ವಸತಿ, ಊಟ, ಮಾರ್ಗದರ್ಶನಗಳನ್ನೆಲ್ಲ ಮುಂಗಡ ಹಣಕ್ಕೆ ಒಂದೇ ಚೀಟಿಯಲ್ಲಿ ಮಾರುವ ಅವನ ವಿಧಾನ ಬೇರೂರಿದಂತೆ, ಪ್ರವಾಸಿಗನೂ ತರ್ಜುಮಾನನೂ ನೇರವಾಗಿ ಚೌಕಾಶಿ ಮಾಡಿಕೊಳ್ಳುತ್ತಿದ್ದ ಕಾಲ ಹಿಂದೆ ಸರಿದು, ಸ್ವತಂತ್ರ ಗುತ್ತಿಗೆದಾರನಾಗಿದ್ದ ತರ್ಜುಮಾನನು ನಿಧಾನವಾಗಿ ಸಂಸ್ಥೆಯ ಸಂಬಳದಾಳಾದನು. ಕಡವಿನ ದೋಣಿಯವರ ಮತ್ತು ದೂರದಾರಿಯ ಕತ್ತೆಯವರ ಗಳಿಕೆಯಾದರೋ ರಸ್ತೆ ಮತ್ತು ಸೇತುವೆಗಳಿಂದಲೇ ಕುಸಿಯಿತು.

ಆದರೆ ರಸ್ತೆ ಮುಗಿಯುವಲ್ಲಿ ಪಿರಮಿಡ್ಡಿನ ಪ್ರವಾಸ ಮುಗಿಯುತ್ತಿರಲಿಲ್ಲ, ಅಲ್ಲಿ ಆರಂಭವಾಗುತ್ತಿತ್ತು. 19ನೆಯ ಶತಮಾನದ ಪ್ರವಾಸಿಗನಿಗೆ ಮಹಾಪಿರಮಿಡ್ಡನ್ನು ನೋಡುವುದೆಂದರೆ ಏರುವುದು ಎಂದೇ ಅರ್ಥ. ಮೂಲದಲ್ಲಿ ಸುಮಾರು 146 ಮೀಟರ್ ಎತ್ತರವಿದ್ದು ಈಗ 138 ಮೀಟರಿನಷ್ಟು ಉಳಿದಿರುವ ಈ ಕಟ್ಟಡಕ್ಕೆ ಒಂದು ಕಾಲದಲ್ಲಿ ನುಣುಪಾದ ಬಿಳಿಯ ಸುಣ್ಣಕಲ್ಲಿನ ಹೊದಿಕೆಯಿತ್ತು. ಮಧ್ಯಯುಗದಲ್ಲಿ ಕೈರೋದ ಕಟ್ಟಡಗಳಿಗಾಗಿ ಆ ಹೊದಿಕೆಯನ್ನು ಕಿತ್ತೊಯ್ದ ಮೇಲೆ ಒಳಗಿನ ಒರಟು ಕಲ್ಲುಸಾಲುಗಳು ಹೊರಬಿದ್ದು, ಸುಮಾರು 200 ಮೆಟ್ಟಿಲುಗಳ ದೈತ್ಯ ಸೋಪಾನವಾಯಿತು. ಈ ಮೆಟ್ಟಿಲುಗಳಲ್ಲಿ ಕೆಲವು ಮೊಣಕಾಲೆತ್ತರ, ಕೆಲವು ಎದೆಯೆತ್ತರ. ಅವನ್ನು ಏರಲು ಪ್ರತಿ ಪ್ರವಾಸಿಗೂ ಮೂವರು ಸಹಾಯಕರು: ಇಬ್ಬರು ಮೇಲಿನ ಕಲ್ಲಿನ ಮೇಲೆ ನಿಂತು ಒಂದೊಂದು ಕೈಹಿಡಿದು ಎಳೆಯುವವರು, ಒಬ್ಬ ಕೆಳಗಿನಿಂದ ಒತ್ತಿ ಎತ್ತುವವನು. ಉದ್ದ ಲಂಗ ತೊಟ್ಟ ಮಹಿಳೆಯರಿಗೆ ನಡುನಡುವೆ ಇಡಲು ಸಣ್ಣ ಪೀಠವನ್ನು ಹೊತ್ತು ತರುವವನೊಬ್ಬ, ನೀರಿನ ಹೂಜಿ ಹೊತ್ತ ಹುಡುಗನೊಬ್ಬ. ಅರ್ಧ ಗಂಟೆಯ ಹೊತ್ತಿಗೆ ಸುಮಾರು 10 ಮೀಟರ್ ಅಗಲದ ಚಪ್ಪಟೆ ನೆತ್ತಿಯನ್ನು ಮುಟ್ಟಿದವರು ಒಂದು ಕಡೆಗೆ ಹಸಿರು ಬಯಲನ್ನೂ ಇನ್ನೊಂದು ಕಡೆಗೆ ಕೊನೆಯಿಲ್ಲದ ಮರಳನ್ನೂ ನೋಡಿ, ಹಲವರು ಕಲ್ಲಿನಲ್ಲಿ ತಮ್ಮ ಹೆಸರು ಕೆತ್ತಿಸಿ ಇಳಿಯುತ್ತಿದ್ದರು. 1867ರಲ್ಲಿ ಬಂದ ಮಾರ್ಕ್ ಟ್ವೇನ್ ಈ ಏರುವಿಕೆಯನ್ನು ಹಾಸ್ಯದಿಂದ ಬಣ್ಣಿಸಿದ್ದು ಬಹಳ ಪ್ರಸಿದ್ಧವಾಗಿದೆ. ಆದರೆ ಆ ಹಾಸ್ಯದಲ್ಲಿ ಪೀಡಕರಂತೆ ಕಾಣುವ ಸಹಾಯಕರು ದಿನಕ್ಕೆ ಹಲವು ಬಾರಿ ಅದೇ ಕಲ್ಲುಗಳನ್ನು ಬರಿಗಾಲಲ್ಲಿ ಏರಿಳಿದು ಅಪರಿಚಿತರ ಜೀವಕ್ಕೆ ಹೊಣೆಯಾಗಿದ್ದರೆಂಬುದನ್ನು ಮರೆಯಬಾರದು.

ಈ ಸಹಾಯಕರು ಪಿರಮಿಡ್ಡುಗಳು ನಿಂತಿರುವ ಪ್ರಸ್ಥಭೂಮಿಯ ಬುಡದ ಹಳ್ಳಿಗಳವರು. ಸ್ಫಿಂಕ್ಸ್ ಪ್ರತಿಮೆಯ ಎದುರಿಗೇ ಇರುವ ನಜ್ಲತ್ ಅಲ್-ಸಮ್ಮಾನ್ ಅವುಗಳಲ್ಲಿ ಮುಖ್ಯ. ‘ಪಿರಮಿಡ್ಡುಗಳ ಶೇಖ್’ ಎಂದು ಕರೆಸಿಕೊಳ್ಳುತ್ತಿದ್ದ ಮುಖ್ಯಸ್ಥನು ಗೊತ್ತಾದ ಹಣ ಪಡೆದು ಪ್ರವಾಸಿಗಳಿಗೆ ಆಳುಗಳನ್ನು ಹಂಚುತ್ತಿದ್ದನು ಮತ್ತು ಅವರ ಸುರಕ್ಷೆಗೆ ಉತ್ತರ ಹೇಳುತ್ತಿದ್ದನು. ಈ ಜನರ ತಿಳಿವು ಪ್ರವಾಸಿಗರನ್ನು ಮೇಲೆತ್ತುವುದಕ್ಕೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದಕ್ಕೆ ಅಲಿ ಗಬ್ರಿ ಎಂಬವರ ಬದುಕು ಒಳ್ಳೆಯ ನಿದರ್ಶನ. 1837ರಲ್ಲಿ ಇಂಗ್ಲಿಷ್ ಸೇನಾಧಿಕಾರಿ ಹೋವರ್ಡ್ ವೈಸ್ ಇಲ್ಲಿ ಉತ್ಖನನ ನಡೆಸಿದಾಗ ಮಣ್ಣು ಹೊರುವ ಹುಡುಗನಾಗಿ ಕೆಲಸಕ್ಕೆ ಸೇರಿದ ಅವರು, 1865ರಲ್ಲಿ ಖಗೋಳಜ್ಞ ಪಿಯಾಜಿ ಸ್ಮಿತ್ ಪಿರಮಿಡ್ಡನ್ನು ಅಳೆಯಲು ಬಂದಾಗ ಅವನ ನೆರವಿಗಿದ್ದರು. 1880ರಲ್ಲಿ ಫ್ಲಿಂಡರ್ಸ್ ಪೆಟ್ರಿ ಬಂದು ಬಂಡೆಯಲ್ಲಿ ಕೊರೆದ ಹಳೆಯ ಸಮಾಧಿಯೊಂದರಲ್ಲಿ ವಾಸಮಾಡುತ್ತ, ಮುಂದಿನ ಪುರಾತತ್ತ್ವ ವಿಜ್ಞಾನಕ್ಕೆ ತಳಹದಿಯಾದ ನಿಖರ ಸರ್ವೇಕ್ಷಣೆಯನ್ನು ನಡೆಸಿದಾಗಲೂ ಅವನ ಬಲಗೈಯಾಗಿದ್ದರು. ವಿದ್ವಾಂಸರು ಬಂದುಹೋದರು, ಅವರ ಸಿದ್ಧಾಂತಗಳು ಬದಲಾದವು; ಯಾವ ಕಲ್ಲು ಎಲ್ಲಿತ್ತು, ಯಾವಾಗ ಮುರಿಯಿತು, ಯಾರು ಅಗೆದರು ಎಂಬ ನೆನಪಿನ ಸಾತತ್ಯ ಹಳ್ಳಿಯ ಮನೆಗಳಲ್ಲಿ ಉಳಿಯಿತು.

ಗೀಜಾದ ಪ್ರವಾಸ ಅರ್ಧ ದಿನಕ್ಕೆ ಇಳಿದ ಮೇಲೆ ಪೂರ್ಣ ದಿನದ ಪ್ರವಾಸದ ಗೌರವ ಸಕ್ಕಾರಾಕ್ಕೆ ಸಂದಿತು. ಕೈರೋದಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದ ಈ ವಿಶಾಲ ಸಮಾಧಿಭೂಮಿಯಲ್ಲಿ 1851ರಲ್ಲಿ ಫ್ರೆಂಚ್ ವಿದ್ವಾಂಸ ಆಗಸ್ಟ್ ಮರಿಯೆಟ್, ಪವಿತ್ರ ಆಪಿಸ್ ಎತ್ತುಗಳನ್ನು ಹೂಳಿದ ‘ಸೆರಾಪಿಯಂ’ ಎಂಬ ನೆಲದಡಿಯ ಸಮಾಧಿ ಸಾಲನ್ನು ಕಂಡುಹಿಡಿದನು. ರೈಲಿನಲ್ಲಿ ಅಥವಾ ಕುಕ್ ಸಂಸ್ಥೆಯ ಉಗಿದೋಣಿಯಲ್ಲಿ ಬದ್ರಶೇನ್ ಎಂಬ ಊರಿಗೆ ಬಂದು, ಅಲ್ಲಿ ಕತ್ತೆ ಹತ್ತಿ, ಪುರಾತನ ರಾಜಧಾನಿ ಮೆಂಫಿಸ್ ಇದ್ದ ಮಿತ್ ರಹೀನಾದ ಖರ್ಜೂರದ ತೋಪಿನಲ್ಲಿ ಮಲಗಿರುವ ಎರಡನೆಯ ರಾಮ್ಸೆಸ್‌ನ ಬೃಹತ್ ಪ್ರತಿಮೆಯನ್ನು ನೋಡಿ, ಮರುಭೂಮಿ ಏರಿ, ಮರಿಯೆಟ್ ವಾಸಿಸುತ್ತಿದ್ದ ಮನೆಯ ನೆರಳಿನಲ್ಲಿ ಊಟ ಮುಗಿಸಿ, ಮೋಂಬತ್ತಿ ಹಿಡಿದು ಸೆರಾಪಿಯಂ ಹೊಕ್ಕು ಬರುವುದು ನಿಗದಿಯಾದ ಕ್ರಮವಾಯಿತು. ಗೀಜಾದ ದಾರಿಯಲ್ಲಿ ಕೆಲಸ ಕಳೆದುಕೊಂಡ ಕತ್ತೆ ಇಲ್ಲಿ ಇನ್ನೂ ಹಲವು ದಶಕಗಳ ಕಾಲ ಅನಿವಾರ್ಯವಾಗಿ ಉಳಿಯಿತು.

ಇಂಥ ಕ್ರಮಗಳನ್ನು ನಿಗದಿಪಡಿಸಿದ್ದು ಮಾರ್ಗದರ್ಶಿ ಪುಸ್ತಕಗಳು. ಈಜಿಪ್ಟ್‌ಶಾಸ್ತ್ರಜ್ಞ ಗಾರ್ಡ್ನರ್ ವಿಲ್ಕಿನ್ಸನ್ ಬರೆದ ಕೈಪಿಡಿಯನ್ನು 1847ರಲ್ಲಿ ಲಂಡನ್ನಿನ ಮರ್ರೆ ಪ್ರಕಾಶನ ಹೊರತಂದಿತು. ಜರ್ಮನಿಯ ಬೇಡೆಕರ್ ಸಂಸ್ಥೆಯ ಕೈಪಿಡಿ 1877ರಲ್ಲಿ ಜರ್ಮನ್ನಿನಲ್ಲೂ ಮರುವರ್ಷ ಇಂಗ್ಲಿಷಿನಲ್ಲೂ ಬಂದಿತು. ಸಾರೋಟಿನ ಬಾಡಿಗೆ, ಬಕ್ಷೀಸಿನ ಮಿತಿ, ಯಾವುದನ್ನು ಮೊದಲು ನೋಡಬೇಕು ಮತ್ತು ಎಷ್ಟು ಹೊತ್ತು ನೋಡಬೇಕು ಎಂಬುದೆಲ್ಲ ಅವುಗಳಲ್ಲಿ ಅಚ್ಚಾಗಿತ್ತು. ಪ್ರವಾಸಿಗನು ಮೋಸಹೋಗದಂತೆ ಅವು ಕಾಪಾಡಿದವು ನಿಜ. ಆದರೆ ಸ್ಥಳೀಯನ ಪ್ರತಿ ಮಾತನ್ನೂ ಸಂಶಯದಿಂದ ಕಾಣುವಂತೆ ಓದುಗನನ್ನು ಮೊದಲೇ ಸಿದ್ಧಗೊಳಿಸಿದವು.

ಕೈರೋದವರಿಗೆ ತಮ್ಮದೇ ಆದ ಹಗಲು ಪ್ರವಾಸಗಳಿದ್ದವು ಎಂಬುದನ್ನು ಈ ಪುಸ್ತಕಗಳಿಂದ ಊಹಿಸುವುದು ಕಷ್ಟ. ಕಾಪ್ಟಿಕ್ ಈಸ್ಟರಿನ ಮರುದಿನ ಸೋಮವಾರ ಬರುವ ‘ಶಮ್ ಎಲ್-ನಸೀಮ್’ ವಸಂತದ ಹಬ್ಬ. ಅಂದು ಮುಸ್ಲಿಮರೂ ಕ್ರೈಸ್ತರೂ ಭೇದವಿಲ್ಲದೆ ಉಪ್ಪು ಹಾಕಿ ಹುದುಗಿಸಿದ ಮೀನು, ಈರುಳ್ಳಿ, ಬಣ್ಣ ಬಳಿದ ಮೊಟ್ಟೆಗಳ ಬುತ್ತಿ ಕಟ್ಟಿಕೊಂಡು ನದಿದಂಡೆಗೂ ತೋಟಗಳಿಗೂ ಹೋಗುತ್ತಾರೆ. ಕೈರೋದಿಂದ ಉತ್ತರಕ್ಕೆ ನೈಲ್ ನದಿ ಎರಡಾಗಿ ಕವಲೊಡೆಯುವಲ್ಲಿ ಕಟ್ಟಿರುವ ಅಣೆಕಟ್ಟೆ ಮತ್ತು ಅದರ ತೋಟಗಳು, ಅಂದರೆ ‘ಕನಾತಿರ್’, ದೋಣಿಯಲ್ಲಿ ಹೋಗಿಬರುವ ಇಂಥ ಜನಪ್ರಿಯ ವಿಹಾರಸ್ಥಳ. ಈಜಿಪ್ಟಿನ ಹಿಂದಿನ ಆಡಳಿತಗಾರ ಮುಹಮ್ಮದ್ ಅಲಿಯ ಕಾಲದಲ್ಲಿ ಫ್ರೆಂಚ್ ಎಂಜಿನಿಯರರು ಆರಂಭಿಸಿದ ಈ ಕಟ್ಟೆ ಬಿರುಕುಬಿಟ್ಟು ನಿರುಪಯುಕ್ತವಾಗಿದ್ದಾಗ, 1880ರ ದಶಕದಲ್ಲಿ ಅದನ್ನು ದುರಸ್ತಿಗೊಳಿಸಿದ ಕಾಲಿನ್ ಸ್ಕಾಟ್-ಮಾಂಕ್ರೀಫ್ ಉತ್ತರ ಭಾರತದ ಕಾಲುವೆಗಳಲ್ಲಿ ಪಳಗಿದವನು. ಅವನ ಸಹಾಯಕ ವಿಲಿಯಂ ವಿಲ್‌ಕಾಕ್ಸ್ ಭಾರತದಲ್ಲೇ ಹುಟ್ಟಿ ರೂರ್ಕಿಯಲ್ಲಿ ಓದಿದವನು. ಗಂಗೆ ಯಮುನೆಗಳ ಕಾಲುವೆಗಳಲ್ಲಿ ಬೆಳೆದ ವಿದ್ಯೆ ನೈಲ್ ನದಿಯ ಮೇಲೆ ನಿಂತು, ಕೈರೋದ ಸಂಸಾರಗಳ ರಜಾದಿನದ ತಾಣವೂ ಆಯಿತೆಂಬುದು ಆ ಕಾಲದ ಸಾಮ್ರಾಜ್ಯದ ಸಂಬಂಧಗಳು ಹೇಗೆ ಹೆಣೆದುಕೊಂಡಿದ್ದವೆಂಬುದನ್ನು ತೋರಿಸುತ್ತದೆ.

ಪಿರಮಿಡ್ಡಿನ ರಸ್ತೆಯ ತುದಿಯಲ್ಲಿ ಖೆದಿವನ ವಿಶ್ರಾಂತಿಗೃಹವಾಗಿದ್ದ ಕಟ್ಟಡ 1886ರಲ್ಲಿ ಮೀನಾ ಹೌಸ್ ಎಂಬ ಹೋಟೆಲಾದಾಗ, ಹಗಲು ಪ್ರವಾಸಿಗನಿಗೆ ರಾತ್ರಿಯೂ ಅಲ್ಲೇ ಉಳಿಯುವ ಅನುಕೂಲ ಒದಗಿತು. ಮುಂದೆ 1943ರ ನವೆಂಬರಿನಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಚಿಯಾಂಗ್ ಕೈ-ಷೇಕ್ ಎರಡನೆಯ ಮಹಾಯುದ್ಧದ ಸಮಾಲೋಚನೆಗೆ ಸೇರಿದ್ದು ಇಲ್ಲಿಯೇ. 1970ರ ದಶಕದ ಆರಂಭದಿಂದ 2012ರವರೆಗೆ ಇದರ ಆಡಳಿತ ಭಾರತದ ಒಬೆರಾಯ್ ಸಮೂಹದ ಕೈಯಲ್ಲಿತ್ತು. 1900ರ ಸುಮಾರಿಗೆ ಕೈರೋದ ಟ್ರಾಂ ಮಾರ್ಗ ಈ ಹೋಟೆಲಿನ ಬಾಗಿಲವರೆಗೆ ಬೆಳೆದದ್ದು ಇನ್ನೂ ದೊಡ್ಡ ಬದಲಾವಣೆ. ಸಾರೋಟಿನ ಬಾಡಿಗೆ ತೆರಲಾರದ ಕೈರೋದ ಗುಮಾಸ್ತರಿಗೂ ವಿದ್ಯಾರ್ಥಿಗಳಿಗೂ ಶುಕ್ರವಾರದ ರಜೆಯಲ್ಲಿ ಪಿರಮಿಡ್ಡಿಗೆ ಹೋಗಿಬರುವುದು ಟ್ರಾಂನಿಂದ ಸಾಧ್ಯವಾಯಿತು. ಇದೇ ಟ್ರಾಂ 1914ರ ಡಿಸೆಂಬರಿನಿಂದ ವಿರುದ್ಧ ದಿಕ್ಕಿನ ಪ್ರವಾಸಕ್ಕೂ ಸಲ್ಲಿತು: ಮೊದಲ ಮಹಾಯುದ್ಧಕ್ಕೆಂದು ಬಂದು ಪಿರಮಿಡ್ಡುಗಳ ಬುಡದಲ್ಲೇ ಬೀಡುಬಿಟ್ಟಿದ್ದ ಸಾವಿರಾರು ಆಸ್ಟ್ರೇಲಿಯನ್ ಸೈನಿಕರು ಬಿಡುವಿನ ವೇಳೆ ಅದರಲ್ಲಿ ತುಂಬಿಕೊಂಡು ಕೈರೋ ನೋಡಲು ಹೋಗುತ್ತಿದ್ದರು. 1915ರ ಜನವರಿಯಲ್ಲಿ ಅವರ 11ನೆಯ ಬೆಟಾಲಿಯನ್ ಮಹಾಪಿರಮಿಡ್ಡಿನ ಕಲ್ಲುಗಳ ಮೇಲೆ ಸಾಲುಸಾಲಾಗಿ ಕುಳಿತು ತೆಗೆಸಿಕೊಂಡ ಛಾಯಾಚಿತ್ರದಲ್ಲಿರುವ ಎಷ್ಟೋ ಮುಖಗಳು ಕೆಲವೇ ತಿಂಗಳಲ್ಲಿ ಗಲಿಪೊಲಿಯ ರಣರಂಗದಲ್ಲಿ ಮಣ್ಣಾದವು. ಅದೇ ಹೊತ್ತಿನಲ್ಲಿ ಸೂಯೆಜ್ ಕಾಲುವೆಯ ಕಾವಲಿಗೆ ಬಂದಿದ್ದ ಭಾರತೀಯ ಅಶ್ವದಳದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯೂ ಇತ್ತು. 1918ರಲ್ಲಿ ಹೈಫಾ ನಗರವನ್ನು ಗೆದ್ದು ಹೆಸರಾದ ಆ ಪಡೆಯ ಯುದ್ಧಕಾಲದ ಬದುಕಿನ ದೊಡ್ಡ ಭಾಗ ಈ ನಾಡಿನ ಮರಳಿನಲ್ಲೇ ಕಳೆಯಿತು.

ಪ್ರವಾಸಿಗರು ನೋಡುವ ವಸ್ತುವೂ ಈ ಅವಧಿಯಲ್ಲಿ ಬದಲಾಯಿತು. 19ನೆಯ ಶತಮಾನದ ಬಹುಪಾಲು ಪ್ರವಾಸಿಗರು ಕಂಡ ಸ್ಫಿಂಕ್ಸ್ ಮರಳಿನಿಂದ ಮೇಲೆದ್ದ ತಲೆ ಮತ್ತು ಹೆಗಲು ಮಾತ್ರ; ಒಬ್ಬರು ತೆರವುಗೊಳಿಸಿದರೆ ಕೆಲವೇ ವರ್ಷಗಳಲ್ಲಿ ಗಾಳಿ ಮತ್ತೆ ಮುಚ್ಚುತ್ತಿತ್ತು. 1925ರಿಂದ ಎಮಿಲ್ ಬರೇಜ್, ಅವನ ನಂತರ 1936ರಿಂದ ಈಜಿಪ್ಟಿನವರೇ ಆದ ವಿದ್ವಾಂಸ ಸಲೀಂ ಹಸನ್ ನಡೆಸಿದ ಉತ್ಖನನಗಳಿಂದ ಸಿಂಹದೇಹದ ಪೂರ್ಣಾಕೃತಿ ಹೊರಬಂದಿತು. ಅಷ್ಟರಲ್ಲಿ ಮೋಟಾರು ವಾಹನಗಳು ಸಾರೋಟುಗಳನ್ನು ಮೂಲೆಗೆ ಸರಿಸಿದ್ದವು. 1952ರ ಜನವರಿ 26ರಂದು ಕೈರೋ ನಗರ ಹೊತ್ತಿ ಉರಿದಾಗ ಶೆಪರ್ಡ್ ಹೋಟೆಲು ಬೂದಿಯಾಗಿ, ಅದೇ ವರ್ಷದ ಜುಲೈನ ಕ್ರಾಂತಿಯಿಂದ ಅರಸೊತ್ತಿಗೆ ಕೊನೆಗೊಂಡು, ಪ್ರವಾಸೋದ್ಯಮ ಸ್ವತಂತ್ರ ಗಣರಾಜ್ಯದ ಆದಾಯದ ಮೂಲವಾಗಿ ಹೊಸ ಅರ್ಥ ಪಡೆಯಿತು. 1961ರಲ್ಲಿ ಆರಂಭವಾದ ಧ್ವನಿ ಮತ್ತು ಬೆಳಕಿನ ಪ್ರದರ್ಶನ ಹಗಲು ಪ್ರವಾಸವನ್ನು ರಾತ್ರಿಗೂ ಚಾಚಿತು. ಆಸ್ವಾನಿನ ಹೊಸ ಅಣೆಕಟ್ಟೆಯಿಂದ 1960ರ ದಶಕದಲ್ಲಿ ವಾರ್ಷಿಕ ನೆರೆ ನಿಂತುಹೋದ ಮೇಲೆ ಹೊಲಗಳ ಮೇಲೆ ನಗರ ಹಬ್ಬಿ, ಪಿರಮಿಡ್ಡಿನ ರಸ್ತೆಯ ಇಕ್ಕೆಲಗಳಲ್ಲಿ ಬಹುಮಹಡಿ ಕಟ್ಟಡಗಳು ತುಂಬಿಕೊಂಡವು. ಅಪಘಾತಗಳನ್ನೂ ಕಲ್ಲಿನ ಸವೆತವನ್ನೂ ತಡೆಯಲು ಪಿರಮಿಡ್ಡು ಏರುವುದನ್ನು ನಿಷೇಧಿಸಲಾಯಿತು. ಅದರೊಂದಿಗೆ ತಲೆಮಾರುಗಳಿಂದ ಬಂದ ಏರಿಸುವವರ ಕಸುಬು ಅಳಿದು, ಅವರ ಮಕ್ಕಳು ಕುದುರೆ ಮತ್ತು ಒಂಟೆಗಳನ್ನು ಬಾಡಿಗೆಗೆ ಕೊಡುವ ಕಸುಬನ್ನು ಹಿಡಿದರು.

20ನೆಯ ಶತಮಾನದ ಉತ್ತರಾರ್ಧದ ಬಸ್ಸು ಪ್ರವಾಸ ಗೀಜಾ, ಮೆಂಫಿಸ್, ಸಕ್ಕಾರಾಗಳನ್ನು ಒಂದೇ ದಿನದೊಳಗೆ ತುರುಕಿತು. 1979ರಲ್ಲಿ ಯುನೆಸ್ಕೋ ಗೀಜಾದಿಂದ ದಹಶೂರ್‌ವರೆಗಿನ ಪಿರಮಿಡ್ಡುಗಳ ಬಯಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇನಾ ಪ್ರದೇಶವಾಗಿದ್ದ ದಹಶೂರ್ 1996ರಲ್ಲಿ ಪ್ರವಾಸಿಗರಿಗೆ ತೆರೆದ ಮೇಲೆ ದಿನದ ಪಟ್ಟಿ ಇನ್ನಷ್ಟು ಬೆಳೆಯಿತು. ಬಸ್ಸು ನಿಲ್ಲುವ ಅಂಗಡಿಗಳೂ ಪ್ರವಾಸದ ಅಂಗವಾದವು. ಸಾವಿರ ವರ್ಷಗಳ ಹಿಂದೆ ನಿಂತುಹೋಗಿದ್ದ ಪಪೈರಸ್ ಹಾಳೆಯ ತಯಾರಿಕೆಯನ್ನು ಹಸನ್ ರಗಬ್ ಎಂಬವರು 1960ರ ದಶಕದಲ್ಲಿ ಪ್ರಯೋಗಗಳ ಮೂಲಕ ಮತ್ತೆ ಕಂಡುಕೊಂಡಿದ್ದರು. ಆಪಿನ ಕಾಂಡವನ್ನು ಸೀಳಿ, ನೆನೆಸಿ, ಅಡ್ಡಕ್ಕೂ ಉದ್ದಕ್ಕೂ ಜೋಡಿಸಿ ಒತ್ತುವ ಆ ಕ್ರಮವನ್ನು ಪ್ರವಾಸಿಗರ ಮುಂದೆ ಮಾಡಿತೋರಿಸಿ ಚಿತ್ರಗಳನ್ನು ಮಾರುವ ಅಂಗಡಿಗಳು ಪಿರಮಿಡ್ಡಿನ ರಸ್ತೆಯುದ್ದಕ್ಕೂ ಎದ್ದು ನೂರಾರು ಕುಟುಂಬಗಳಿಗೆ ಜೀವನಾಧಾರವಾದವು.

ಈ ಬದುಕು ಎಷ್ಟು ನಾಜೂಕಾದುದೆಂಬುದು 2011ರಲ್ಲಿ ಬೆಳಕಿಗೆ ಬಂದಿತು. ಜನವರಿಯ ಜನಾಂದೋಲನದಿಂದ ಪ್ರವಾಸಿಗರ ಬರವು ಒಮ್ಮೆಲೇ ನಿಂತುಹೋದಾಗ ಪ್ರಸ್ಥಭೂಮಿಯ ಸುತ್ತ ಕುದುರೆಗಳೂ ಒಂಟೆಗಳೂ ಮೇವಿಲ್ಲದೆ ಸಾಯತೊಡಗಿದವು; ಫೆಬ್ರವರಿ 2ರಂದು ಕುದುರೆ ಮತ್ತು ಒಂಟೆಗಳನ್ನೇರಿದ ಗುಂಪೊಂದು ಕೈರೋದ ತಹ್ರೀರ್ ಚೌಕದ ಪ್ರತಿಭಟನಾಕಾರರ ಮೇಲೆ ನುಗ್ಗಿದ ಘೋರ ಘಟನೆಯಲ್ಲಿ ನಜ್ಲತ್ ಅಲ್-ಸಮ್ಮಾನಿನ ಸವಾರರೂ ಇದ್ದರು. ಅಂ‌ದಿನ ಹಿಂಸೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಒಂದೇ ಆದಾಯವನ್ನು ನಂಬಿದ ಹಳ್ಳಿಯ ಹತಾಶೆಯನ್ನು ಇನ್ನೊಬ್ಬರು ಎಷ್ಟು ಸುಲಭವಾಗಿ ಬಳಸಿಕೊಳ್ಳಬಹುದೆಂಬುದನ್ನು ಅದು ತೋರಿಸಿತು. 2025ರ ಏಪ್ರಿಲ್‌ನಲ್ಲಿ ಪ್ರಸ್ಥಭೂಮಿಯ ಪ್ರವೇಶವನ್ನು ಫಯ್ಯೂಮ್ ರಸ್ತೆಯ ಕಡೆಗೆ ಸ್ಥಳಾಂತರಿಸಿ, ಒಳಗೆ ವಿದ್ಯುತ್ ಬಸ್ಸುಗಳನ್ನು ಓಡಿಸಿ, ಒಂಟೆ ಮತ್ತು ಕುದುರೆಗಳವರಿಗೆ ಬೇರೆ ಜಾಗ ಗೊತ್ತುಮಾಡಿದಾಗ ಅವರಿಂದ ತೀವ್ರ ವಿರೋಧ ಬಂದಿತು; ಅದೇ ವರ್ಷದ ನವೆಂಬರಿನಲ್ಲಿ ಸಮೀಪದ ಮಹಾ ಈಜಿಪ್ಟ್ ಮ್ಯೂಸಿಯಂ ಅಧಿಕೃತವಾಗಿ ಉದ್ಘಾಟನೆಗೊಂಡಿತು. ಪ್ರವಾಸಿಗರಿಗೆ ಕಿರುಕುಳ ತಪ್ಪಬೇಕು, ಪ್ರಾಣಿಗಳ ಹಿಂಸೆ ನಿಲ್ಲಬೇಕು, ಕಲ್ಲುಗಳ ರಕ್ಷಣೆಯಾಗಬೇಕು ಎಂಬ ಉದ್ದೇಶಗಳು ನ್ಯಾಯವಾದುವೇ.

ಆದರೂ ಎರಡು ಶತಮಾನಗಳ ಈ ಚರಿತ್ರೆಯನ್ನು ಬಲ್ಲವರಿಗೆ ವಿದ್ಯುತ್ ಬಸ್ಸು ಹೊಸ ಸಂಗತಿಯಾಗಿ ಕಾಣುವುದಿಲ್ಲ. ಖೆದಿವನ ರಸ್ತೆ ಕಡವಿನವರನ್ನು, ಕುಕ್ ಸಂಸ್ಥೆ ತರ್ಜುಮಾನನನ್ನು, ಟ್ರಾಂ ಮತ್ತು ಮೋಟಾರು ಸಾರೋಟಿನವರನ್ನು, ನಿಷೇಧಾಜ್ಞೆ ಏರಿಸುವವರನ್ನು ಪಕ್ಕಕ್ಕೆ ಸರಿಸಿದ ಸಾಲಿನಲ್ಲಿ ಇದೂ ಒಂದು. ಬಹುಮಟ್ಟಿಗೆ ಪ್ರತಿ ಸಲವೂ ಸುಧಾರಣೆಯ ಲಾಭ ದೂರದಿಂದ ಬಂದವರಿಗೂ ಸಂಸ್ಥೆಗಳಿಗೂ ದೊರೆತು, ನಷ್ಟ ಹತ್ತಿರದ ಹಳ್ಳಿಯ ಪಾಲಾಯಿತು. ಸ್ಮಾರಕದ ರಕ್ಷಣೆ ಮತ್ತು ನೆರೆಯವರ ಅನ್ನ ಇವೆರಡೂ ಒಂದಕ್ಕೊಂದು ವಿರೋಧವೆಂದು ಮೊದಲೇ ತೀರ್ಮಾನಿಸಿಕೊಂಡ ಯೋಜನೆಗಳು ಈ ತಪ್ಪನ್ನು ಮತ್ತೆ ಮತ್ತೆ ಮಾಡಿವೆ. ಮಣ್ಣು ಹೊರುವ ಹುಡುಗನಾಗಿ ಬಂದ ಅಲಿ ಗಬ್ರಿ ಪೆಟ್ರಿಯ ಸರ್ವೇಕ್ಷಣೆಯ ಆಧಾರವಾದದ್ದು ಹಳ್ಳಿಯ ತಿಳಿವಿಗೆ ಅವಕಾಶ ದೊರೆತದ್ದರಿಂದ. ಅಂಥ ಅವಕಾಶವನ್ನು ಇಂದಿನ ಯುವಕರಿಗೂ ಕಾವಲು, ಸಂರಕ್ಷಣೆ, ಮಾರ್ಗದರ್ಶನಗಳ ನಿಯತ ಉದ್ಯೋಗದ ರೂಪದಲ್ಲಿ ಕಲ್ಪಿಸಿದರೆ, ಕೈರೋದ ಹಗಲು ಪ್ರವಾಸ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ತಾನು ಹಾದುಹೋಗುವ ಊರಿನ ಋಣವನ್ನು ತೀರಿಸಿದಂತಾಗುತ್ತದೆ.